ಸ್ವಂತ ಸಹಿ

ಕೋರ್ಟಿನಲ್ಲಿ ಎಲೋಕಾ ಎದ್ದು ನಿಂತ. ಗೌನಿನ ತೋಳು ಸರಿಮಾಡಿಕೊಂಡ. ಆಮೇಲೆ ಉಜೊಂಡು ಬರೆದ ವಾಕ್ಯವನ್ನು ತನ್ನ ಅಪ್ಪನ ಆಸ್ತಿ ಎಂಬಂತೆ ಓದಿದ.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಉಜೊಂಡುವಿನ ಹೊಟ್ಟೆ ಉರಿಯಿತು. ಆ ವಾಕ್ಯಕ್ಕಾಗಿ ಅವನು ಭಾನುವಾರದ ಚರ್ಚು ತಪ್ಪಿಸಿ ಕೂತಿದ್ದ. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಇಳಿಸಬೇಕು ಎಂದು ಅಂಚಿನಲ್ಲಿ ಪೆನ್ಸಿಲಿನ ಗುರುತನ್ನೂ ಹಾಕಿಕೊಟ್ಟಿದ್ದ. ಎಲೋಕಾ ಅಲ್ಲೇ ನಿಂತ. ಅಲ್ಲೇ ದನಿ ಇಳಿಸಿದ.

"ಬಹಳ ಸೊಗಸಾಗಿ ಹೇಳಿದ್ರಿ," ಎಂದರು ನ್ಯಾಯಾಧೀಶರು.

ಸೊಗಸಾಗಿ ಹೇಳಿದನಂತೆ! ಹೇಳಿದವನು ಯಾರು, ಹೇಳಿಸಿದವನು ಯಾರು? ಕೇಳುವವರಿಲ್ಲ.

ಮುಂದಿನ ಪುಟದಲ್ಲಿ ಎಲೋಕಾ ತಿಂಗಳು ತಪ್ಪು ಓದಿದ. ಉಜೊಂಡುವಿಗೆ ತಡೆಯಲಾಗಲಿಲ್ಲ. ಎದ್ದುಬಿಟ್ಟ. "ಸ್ವಾಮಿ, ಅದು ಮಾರ್ಚ್ ಅಲ್ಲ, ಮೇ..."

ನ್ಯಾಯಾಧೀಶರು ತಲೆ ಎತ್ತಿ ಫ್ಯಾನು ನೋಡಿದರು. "ಯಾರೋ ಮಾತಾಡಿದ ಹಾಗಾಯ್ತು. ನನಗಂತೂ ಯಾರೂ ಕಾಣ್ತಾ ಇಲ್ಲ."

ಮುಂದಿನ ಸಾಲಿನ ಕರಿ ಗೌನುಗಳೆಲ್ಲ ಗೊಳ್ಳೆಂದು ನಕ್ಕವು. ಗೌನು ಹಾಕದ ವಕೀಲ ನ್ಯಾಯಾಧೀಶರ ಕಣ್ಣಿಗೆ ಕಾಣುವುದಿಲ್ಲ. ಅದು ಅಲ್ಲಿಯ ಹಳೆಯ ರೂಢಿ. ಬಿಳಿಯರು ಬಿಟ್ಟುಹೋದ ಚೇಷ್ಟೆ. ಉಜೊಂಡು ಕೂತ.

ಅವನಿಗೂ ಗೌನು ಇತ್ತು. ಅಲಮಾರಿನಲ್ಲಿ ನುಸಿಗುಳಿಗೆ ವಾಸನೆ ಹೊಡೆಯುತ್ತ ತೂಗುತ್ತಿತ್ತು. ಹಾಕುವಂತಿರಲಿಲ್ಲ. ಕಂಪನಿಯ ಸಂಬಳ ತಿನ್ನುವ ವಕೀಲ ಆ ಕಂಪನಿಯ ಪರವಾಗಿ ಕೋರ್ಟಿನಲ್ಲಿ ನಿಲ್ಲಬಾರದು, ಕೋರ್ಟಿನ ಕಾಗದಕ್ಕೆ ಸಹಿಯನ್ನೂ ಹಾಕಬಾರದು. ವಕೀಲರೇ ಕೂಡಿ ಮಾಡಿಕೊಂಡ ನಿಯಮ ಅದು. ಒಳಗೆ ಕೂತು ಎಷ್ಟಾದರೂ ಬರಿ. ಕೋರ್ಟಿನ ಹೊಸ್ತಿಲು ದಾಟಿದೆಯೋ, ನೀನು ಪೆಟ್ಟಿಗೆ ಹೊರುವವನು.

ಹೊರುತ್ತಿದ್ದ. ಕಡತದ ಪೆಟ್ಟಿಗೆಗಳನ್ನು ಕಾರಿನಿಂದ ಇಳಿಸಿ, ಒಂದನ್ನು ಹೆಗಲ ಮೇಲೆ, ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದ. ಲಿಫ್ಟು ಯಾವ ಕಾಲದಲ್ಲೋ ಕೆಟ್ಟಿತ್ತು. ಬೆವರಿಗೆ ಅಂಗಿ ಬೆನ್ನಿಗೆ ಅಂಟಿ, ಪೆಟ್ಟಿಗೆಯ ಅಂಚು ಭುಜಕ್ಕೆ ಒತ್ತಿ ಚರ್ಮ ತರಚುತ್ತಿತ್ತು. ಮುಂದೆ ಎಲೋಕಾ ಫೋನಿನಲ್ಲಿ ನಗುತ್ತ ಹತ್ತುತ್ತಿದ್ದ. ಅವನ ಬೂಟಿನ ಹಿಮ್ಮಡಿಯನ್ನು ಉಜೊಂಡು ನೋಡಿದಷ್ಟು ಅವನ ಹೆಂಡತಿಯೂ ನೋಡಿರಲಿಕ್ಕಿಲ್ಲ.

ಇಬ್ಬರದೂ ಒಂದೇ ಊರು, ಉಮುಅಕಾ. ಎಲೋಕಾನ ಮನೆ ಊರ ನಟ್ಟನಡುವೆ. ಅವನಪ್ಪ ಕೆಂಪು ಟೋಪಿ ಹಾಕುವ ಬಿರುದುಳ್ಳ ದೊಡ್ಡವ. ಉಜೊಂಡುವಿನ ಮನೆ ದೇವರ ಬನದ ಅಂಚಿನಲ್ಲಿ. ಯಾವನೋ ಮುತ್ತಾತನನ್ನು ಯಾರೋ ಹಿಡಿದು ಆ ದೇವರಿಗೆ ಬಿಟ್ಟಿದ್ದರಂತೆ. ಅಂದಿನಿಂದ ಅವನ ವಂಶವೆಲ್ಲ ಓಸು. ಅವರಿಗೆ ಹೆಣ್ಣು ಕೊಡುವುದಿಲ್ಲ, ಅವರಿಂದ ತರುವುದಿಲ್ಲ, ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ. ಪಾದ್ರಿಗಳು ಬಂದರು, ಶಾಲೆ ಬಂತು, ಓಸು ಎನ್ನುವುದೇ ಇಲ್ಲ ಎಂದು ಕಾನೂನೂ ಬಂತು. ಹೆಸರು ಮಾತ್ರ ಹೋಗಲಿಲ್ಲ.

ಕಾನೂನು ಕಾಲೇಜಿನಲ್ಲಿ ಉಜೊಂಡುವೇ ಮೊದಲಿಗ. ಎಲೋಕಾ ಅವನ ನೋಟ್ಸು ನೋಡಿ ಪಾಸಾದವನು. ವಕೀಲಿಯ ಸನ್ನದು ಇಬ್ಬರಿಗೂ ಒಂದೇ ದಿನ ಸಿಕ್ಕಿತು. ಆಮೇಲೆ ಉಜೊಂಡು ಎನುಗು ನಗರದ ದೊಡ್ಡ ವಕೀಲರ ಬಾಗಿಲುಗಳನ್ನೆಲ್ಲ ತಟ್ಟಿದ. ಬರವಣಿಗೆ ನೋಡಿ ಎಲ್ಲರೂ ಭೇಷ್ ಎಂದರು. "ಯಾವೂರಪ್ಪಾ? ಯಾರ ಮಗ?" ಎಂದು ಕೇಳಿದರು. ಹೇಳಿದ. "ಆಯ್ತು, ತಿಳಿಸ್ತೀವಿ," ಎಂದರು. ಒಬ್ಬನೂ ತಿಳಿಸಲಿಲ್ಲ. ಅಷ್ಟರಲ್ಲಿ ಎಲೋಕಾನ ಹೆಸರು ಅವನ ಚಿಕ್ಕಪ್ಪನ ಕಚೇರಿಯ ಫಲಕದ ಮೇಲೆ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು. ಆ ಫಲಕ ನೋಡಬಾರದೆಂದು ಉಜೊಂಡು ಬೇರೆ ರಸ್ತೆಯಲ್ಲಿ ಸುತ್ತಿ ಹೋಗುತ್ತಿದ್ದ.

ಕಡೆಗೆ ಅವನನ್ನು ತೆಗೆದುಕೊಂಡದ್ದು ಎಕೆಮಿರಿ ತಾಳೆಎಣ್ಣೆ ಕಂಪನಿ. ಗಿರಣಿಯ ಹಿಂದೆ ಒಂದು ಕೋಣೆ, ಒಂದು ಮೇಜು, ಬಾಗಿಲಿಗೆ 'ಕಾನೂನು ವಿಭಾಗ' ಎಂಬ ತಗಡು. ವಿಭಾಗವೆಂದರೆ ಅವನೊಬ್ಬನೇ. ಕಂಪನಿಯ ಕೇಸುಗಳಿಗೆ ಕೋರ್ಟಿನಲ್ಲಿ ನಿಲ್ಲುವ ಹೊರಗಿನ ವಕೀಲ ಯಾರು ಗೊತ್ತೇ? ಎಲೋಕಾ. ಹಣೆಬರಹ ನೋಡಿ.

ಮೊದಮೊದಲು ಎಲೋಕಾ ಬಂದು ಸಹಿ ಹಾಕಿ ಹೋಗುತ್ತಿದ್ದ. ಆಮೇಲೆ ಅದಕ್ಕೂ ಸೋಮಾರಿತನ. "ಲೋ, ನೀನೇ ಹಾಕ್ಬಿಡೋ. ನನ್ನ ಸೀಲೂ ನಿನ್ನ ಹತ್ರಾನೇ ಇರ್ಲಿ," ಎಂದ. ಉಜೊಂಡು ಎಲೋಕಾನ ಸಹಿ ಹಾಕುವುದನ್ನು ಕಲಿತ. ಎಲೋಕಾನಿಗಿಂತ ಚೆನ್ನಾಗಿಯೇ ಹಾಕುತ್ತಿದ್ದ. ಹಾಕುವಾಗಲೆಲ್ಲ ಹಲ್ಲು ಕಡಿಯುತ್ತಿದ್ದ.

ಗಿರಣಿಯ ಹಿಂದೆ ಒಂದು ತೊಟ್ಟಿ. ಎಣ್ಣೆ ತೆಗೆದ ಕೊಳೆನೀರೆಲ್ಲ ಅದಕ್ಕೆ ಬೀಳುತ್ತಿತ್ತು. ತಳದಲ್ಲಿ ಕಪ್ಪು ಕೆಸರು, ಕೆಸರಿನೊಳಗೆ ವಿಷಗಾಳಿ. ಅದಕ್ಕೆ ಇಳಿಯುವವನು ನ್ವಾಲಿ. ಅಬಕಲಿಕಿ ಕಡೆಯವನು. ನಮ್ಮಲ್ಲಿ ಮೈ ಮುರಿಯುವ ಕೆಲಸವೆಂದರೆ ಅಬಕಲಿಕಿಯವರನ್ನೇ ಕರೆಯುವುದು. ಸೊಂಟಕ್ಕೆ ಹಗ್ಗ, ಮೂಗಿಗೆ ಬಟ್ಟೆ, ಕೈಯಲ್ಲಿ ಬಕೆಟ್ಟು. ಎದೆಮಟ್ಟ ಕೆಸರಲ್ಲಿ ನಿಂತು ತುಂಬಿ ತುಂಬಿ ಮೇಲಕ್ಕೆ ಕಳಿಸುತ್ತಿದ್ದ. ಹತ್ತಿ ಬಂದವನು ಉಜೊಂಡುವಿನ ಕಿಟಕಿಯ ಕೆಳಗಿನ ನಲ್ಲಿಯಲ್ಲಿ ಮೈ ತೊಳೆಯುತ್ತಿದ್ದ. ಎಷ್ಟು ತೊಳೆದರೂ ವಾಸನೆ ಹೋಗುತ್ತಿರಲಿಲ್ಲ.

"ಏನ್ ವಕೀಲಪ್ಪಾ, ಇನ್ನೂ ಬರೀತಾನೇ ಇದೀಯಾ? ಕೈ ನೋಯಲ್ವಾ?"

"ನಿನಗೆ ಬೆನ್ನು ನೋಯಲ್ವೇನೋ?"

"ನಂದು ನೋವು ತೊಟ್ಟೀಲೇ ಬಿಟ್ಬರ್ತೀನಿ. ನಿಂದು ನೋಡು, ಮುಖದ ಮೇಲೇ ಇರುತ್ತೆ."

ಒಂದು ದಿನ ಇಳಿದ ನ್ವಾಲಿ ಬಕೆಟ್ಟು ಕಳಿಸಲಿಲ್ಲ. ಹಗ್ಗ ಎಳೆದರು. ಹೆಣ ಬಂತು.

ಅವನ ಹೆಂಡತಿ ವೆರೊನಿಕಾ ಪರಿಹಾರ ಕೇಳಿ ವಕೀಲರ ಪತ್ರ ಕಳಿಸಿದಳು. ಕಂಪನಿಯ ಯಜಮಾನ ಮಡುಕಾ ಉಜೊಂಡುವನ್ನು ಕರೆದ. "ನಮ್ಮ ಆಳಲ್ಲ ಅಂತ ಬರಿ."

"ಯಜಮಾನ್ರೇ, ಅವ್ನು ವರ್ಷಾನುಗಟ್ಲೆ ಇಲ್ಲೇ..."

"ಹಾಜರಿಯಲ್ಲಿ ಹೆಸರಿದೆಯೇನಯ್ಯಾ? ಇಲ್ಲ ತಾನೇ? ಮತ್ತೆ! ನಿನಗೆ ಸಂಬಳ ಕೊಡೋದು ಯೋಚ್ನೆ ಮಾಡಕ್ಕಲ್ಲ, ಬರೆಯಕ್ಕೆ."

ಉಜೊಂಡು ಬರೆದ. 'ಮೃತನು ಕಂಪನಿಗೆ ಅಪರಿಚಿತ. ಎಣ್ಣೆ ಕದಿಯುವ ಉದ್ದೇಶದಿಂದ ಆವರಣ ಹೊಕ್ಕು ತೊಟ್ಟಿಗೆ ಬಿದ್ದವನು.' ಬರೆಯುವಾಗ ಅವನು ಅಳುಕಿದನೇ? ಇಲ್ಲ. ಓದಿ ನೋಡಿ, ಚೆನ್ನಾಗಿ ಬಂತು ಎಂದುಕೊಂಡ. ಇದನ್ನೂ ಆ ಎಲೋಕಾ ಓದಿ ಹೆಸರು ಮಾಡಿಕೊಳ್ಳುತ್ತಾನಲ್ಲ ಎಂದು ಸಂಕಟಪಟ್ಟ. ಅವನ ಸಂಕಟ ಅಷ್ಟೇ.

ಆ ಮಾತು ನ್ವಾಲಿಯ ಊರು ಮುಟ್ಟಿತು. ಕದಿಯಲು ಹೋಗಿ ಸತ್ತವನನ್ನು ಅಪ್ಪನ ಅಂಗಳದಲ್ಲಿ ಹೂಳುವುದಿಲ್ಲ ಎಂದರು ಹಿರಿಯರು. ಹೆಣ ಎನುಗುವಿನ ಶವಾಗಾರದಲ್ಲೇ ಉಳಿಯಿತು. ವೆರೊನಿಕಾ ಕಂಪನಿಯ ಗೇಟಿನ ಮುಂದೆ ಬಂದು ನಿಂತಳು.

"ನನ್ ಗಂಡನ್ನ ಕಳ್ಳ ಅಂದೋನು ಯಾವನೋ? ಗಂಡಸಾದ್ರೆ ಮುಖ ತೋರ್ಸೋ!"

ಉಜೊಂಡು ಕಿಟಕಿ ಮುಚ್ಚಿದ.

ಅವಳು ದಾವೆ ಹೂಡಿದಳು. ಹೆದರುವವಳಲ್ಲ. ಅದಕ್ಕೆ ಉತ್ತರವಾಗಿ ಕಂಪನಿಯ ತಕರಾರು ಪತ್ರವನ್ನೂ ಉಜೊಂಡುವೇ ಬರೆದ, ಅದೇ ವಾಕ್ಯ ಇಟ್ಟು.

ಅದೇ ವಾರ ಎಲೋಕಾನಿಗೆ ರೇಷ್ಮೆ ಗೌನು ಬಂತು. ದೇಶದ ಹಿರಿಯ ವಕೀಲರ ಸಾಲಿಗೆ ಸೇರಿದ. ಅದಕ್ಕೆ ಗೆದ್ದ ಕೇಸುಗಳನ್ನು ತೋರಿಸಬೇಕು. ತೋರಿಸಿದ್ದ. ಬಹುಪಾಲು ಎಕೆಮಿರಿ ಕಂಪನಿಯವು, ಅಂದರೆ ಉಜೊಂಡುವಿನವು. ಸುದ್ದಿ ಕೇಳಿದ ದಿನ ಉಜೊಂಡು ಊಟದ ತಟ್ಟೆ ಸರಿಸಿ ಎದ್ದ. ಬಾತ್‌ರೂಮಿನ ಕನ್ನಡಿಯ ಮುಂದೆ ನಿಂತು "ಥೂ" ಎಂದ. ಯಾರಿಗೆ ಉಗಿದದ್ದೋ ಅವನಿಗೇ ತಿಳಿಯಲಿಲ್ಲ.

ಮಡುಕಾ ಕಂಪನಿಯ ಅತಿಥಿಗೃಹದಲ್ಲಿ ಔತಣ ಇಟ್ಟ. ಮೇಕೆ ಮಾಂಸ, ಈಚಲ ಕಳ್ಳು. ಮೊದಲು ಕೋಲಾಕಾಯಿ ತಟ್ಟೆ ಬಂತು. ಕೋಲಾ ಮುರಿಯದೆ ನಮ್ಮಲ್ಲಿ ಯಾವ ಮಾತೂ ಶುರುವಾಗುವುದಿಲ್ಲ. ತಟ್ಟೆ ಕೈಯಿಂದ ಕೈಗೆ ಹೋಗಬೇಕು, ಎಲ್ಲರೂ ಮುಟ್ಟಬೇಕು. ಎಲೋಕಾನ ಚಿಕ್ಕಪ್ಪ ಮುಟ್ಟಿದ. ಪಕ್ಕದಲ್ಲಿ ಉಜೊಂಡು. ಅವನು ಕೈ ಚಾಚಿದ. ಮುದುಕ ತಟ್ಟೆಯನ್ನು ಅವನ ತಲೆಯ ಮೇಲಿಂದ ಎತ್ತಿ ಆಚೆಯವನಿಗೆ ಕೊಟ್ಟ. ಉಜೊಂಡುವಿನ ಕೈ ಬರಿಗಾಳಿಯಲ್ಲಿ ನಿಂತಿತು.

ಎಲೋಕಾ ನಕ್ಕ. "ಬೇಜಾರ್ ಮಾಡ್ಕೋಬೇಡ ಕಣೋ. ಹಳೇ ಕಾಲದೋರು." ಆಮೇಲೆ ಎಲ್ಲರಿಗೂ ಕೇಳುವಂತೆ ಅಂದ, "ಇವ್ನಿಲ್ದಿದ್ರೆ ನನ್ ಕೆಲ್ಸಾನೇ ನಡಿಯಲ್ಲ. ಇಂಥ ಗುಮಾಸ್ತ ಹುಡುಕಿದ್ರೂ ಸಿಗಲ್ಲ!"

ಗುಮಾಸ್ತ! ಉಜೊಂಡುವಿನ ಮೈಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ರೇಷ್ಮೆ ಗೌನು ಎಲೋಕಾನ ಭುಜದ ಮೇಲೆ ಮಿರಮಿರ ಮಿಂಚುತ್ತಿತ್ತು. ಅದನ್ನು ಹರಿಯಬೇಕೆನಿಸಿತು. ಹಾಗೆಯೇ, ಒಂದೇ ಒಂದು ಸಲ ತಾನು ಹಾಕಿಕೊಳ್ಳಬೇಕೆಂದೂ ಅನಿಸಿತು.

ಹೊರಡುವಾಗ ಮಡುಕಾ ಭುಜ ತಟ್ಟಿದ. "ನ್ವಾಲಿ ಕೇಸಿನ ತಕರಾರು ಸಲ್ಲಿಸಕ್ಕೆ ನಾಳೆ ಕಡೇ ದಿನ. ಎಲೋಕಾ ಅಬುಜಾಗೆ ಹೋಗ್ತಾನೆ. ನೀನೇ ಸಹಿ ಹಾಕಿ ಕೊಟ್ಬಿಡು, ಯಾವಾಗಿನ ಹಾಗೆ."

ಮರುದಿನ ಕೋರ್ಟಿನ ಕಚೇರಿಯ ಕಟ್ಟೆಗೆ ಒರಗಿ ಉಜೊಂಡು ತಕರಾರಿನ ಕಡೆಯ ಪುಟ ತೆರೆದ. ಪೆನ್ನಿನ ಮುಚ್ಚಳ ತೆಗೆದ. ಕೈ ಅಭ್ಯಾಸಬಲದಿಂದ ಎಲೋಕಾನ ಸಹಿಗೆ ಇಳಿಯಿತು. ತಡೆದ. ಬರೆಯಲಾರೆ ಎನಿಸಿತು. ಇನ್ನೊಂದು ಸಲ ಆ ಹೆಸರು ಬರೆದರೆ ಸತ್ತೇಹೋಗುತ್ತೇನೆ ಎನಿಸಿತು.

ತನ್ನ ಹೆಸರು ಬರೆದ. ಕೆಳಗೆ 'ವಕೀಲ' ಎಂದು ಬರೆದ. ತನ್ನದೇ ಸೀಲು ಒತ್ತಿದ.

ನಿಯಮ ಅವನಿಗೆ ಗೊತ್ತಿತ್ತು. ಸಂಬಳದ ವಕೀಲ ಸಹಿ ಮಾಡಿದ ತಕರಾರು ಬರೀ ಕಾಗದ. ಎದುರಾಳಿ ಬಾಯಿ ತೆರೆದರೆ ಕಿತ್ತುಹಾಕುತ್ತಾರೆ. ಸುಳ್ಳು ಸಹಿಯ ಕಾಗದ ನಡೆಯುತ್ತದೆ, ನಿಜ ಸಹಿಯ ಕಾಗದ ನಡೆಯುವುದಿಲ್ಲ. ಎಂಥ ನ್ಯಾಯವಯ್ಯಾ ಇದು! ಆದರೆ ಅವನು ಆಗ ನ್ಯಾಯ ಯೋಚಿಸುತ್ತಿರಲಿಲ್ಲ. ನ್ವಾಲಿ ನೆನಪಾಗಲಿಲ್ಲ, ಅವನ ಹೆಂಡತಿಯೂ ನೆನಪಾಗಲಿಲ್ಲ. ಬರೀ ಎಲೋಕಾ. ಎಲೋಕಾನ ಮುಖ ಸಣ್ಣದಾಗುವುದನ್ನು ನೋಡಬೇಕಿತ್ತು. ಹೊರಗೆ ಬಂದು ಬಿಸಿ ಓಕ್ಪಾ ಕಡುಬು ಕೊಂಡು ನಿಂತಲ್ಲೇ ತಿಂದ. ಬಹಳ ದಿನದ ಮೇಲೆ ರುಚಿ ಹತ್ತಿತು.

ವಿಚಾರಣೆಯ ದಿನ ಕೋರ್ಟು ತುಂಬಿತ್ತು. ರೇಷ್ಮೆ ಗೌನಿನ ವಕೀಲನನ್ನು ನೋಡಲು ಎಳೆಯ ವಕೀಲರು ಗೋಡೆಗಂಟಿ ನಿಂತಿದ್ದರು. ವೆರೊನಿಕಾಳ ಪರ ನಿಂತವಳು ಧರ್ಮಕ್ಕೆ ಕೇಸು ನಡೆಸುವ ಒಬ್ಬ ಹುಡುಗಿ, ಗೌನು ಅವಳಿಗೆ ದೊಡ್ಡದಾಗಿತ್ತು. ಅವಳು ಎದ್ದಳು.

"ಸ್ವಾಮಿ, ಈ ತಕರಾರಿಗೆ ಸಹಿ ಹಾಕಿರೋದು ಉಜೊಂಡು ಅನ್ನೋರು. ಅವ್ರು ಕಂಪನಿಯ ಸಂಬಳದ ವಕೀಲರು. ಇದನ್ನ ತೆಗೆದುಹಾಕ್ಬೇಕು."

ಎಲೋಕಾ ಪುಟ ತಿರುಗಿಸಿದ. ನೋಡಿದ. ಮುಖ ಸಣ್ಣದಾಯಿತು. ಹಿಂದಿನ ಬೆಂಚಿನಲ್ಲಿ ಉಜೊಂಡು ಅದನ್ನು ಕಣ್ಣು ತುಂಬ ನೋಡಿದ. ಎಲೋಕಾ ತಡವರಿಸುತ್ತ ಸ್ವಲ್ಪ ಸಮಯ ಬೇಡಿದ. ನ್ಯಾಯಾಧೀಶರು ಒಳಗೆ ಹೋದರು.

ಪಡಸಾಲೆಯಲ್ಲಿ ಮಡುಕಾ ಉಜೊಂಡುವಿನ ಕಾಲರು ಹಿಡಿದ. "ದ್ರೋಹಿ! ಉಂಡ ಮನೆಗೆ..."

ಎಲೋಕಾ ಬಿಡಿಸಿದ. ಅವನು ಬುದ್ಧಿವಂತ. ತೋಳಿನ ಮೇಲೆ ಕೈಯಿಟ್ಟು ಮೆತ್ತಗೆ ಮಾತಾಡಿದ. "ನೋಡು ಉಜೊಂಡು. ಕಟಕಟೆಗೆ ಹತ್ತು. ನಾನು ಎಲೋಕಾ ಅವರ ಕೈಕೆಳಗಿನ ಗುಮಾಸ್ತ, ಅವರ ಕಾಗದಕ್ಕೆ ತಪ್ಪಿ ನನ್ನ ಸಹಿ ಬಿತ್ತು ಅಂತ ಪ್ರಮಾಣ ಮಾಡು. ಗುಮಾಸ್ತನ ತಪ್ಪನ್ನ ಕೋರ್ಟು ಕ್ಷಮಿಸುತ್ತೆ. ಹೊಸ ಕಾಗದ ಕೊಡೋಣ."

"ನಾನು ಗುಮಾಸ್ತ ಅಲ್ಲ."

"ಒಂದು ಗಂಟೆ ಹೊತ್ತು ಆಗೋ ಮಾರಾಯ! ನಾಳೆಯಿಂದ ನೀನು ನನ್ನ ಪಾಲುದಾರ. ನನ್ನ ಹೆಸರಿನ ಕೆಳಗೆ ನಿನ್ನ ಹೆಸರು, ಅದೇ ಫಲಕದ ಮೇಲೆ. ಗೌನು ಹಾಕು, ಕೋರ್ಟಲ್ಲಿ ನಿಲ್ಲು. ನಿನಗೆ ಬೇಕಾಗಿರೋದು ಅದೇ ತಾನೇ? ನನ್ನ ಬೆನ್ನನ್ನ ನೀನು ಹೇಗೆ ನೋಡ್ತೀಯಾ ಅಂತ ನನಗೆ ಗೊತ್ತಿಲ್ವೇನೋ?"

ಗೊತ್ತಿತ್ತಂತೆ! ಇಷ್ಟು ವರ್ಷವೂ ಗೊತ್ತಿತ್ತಂತೆ. ಉಜೊಂಡುವಿಗೆ ಬೇಕಿತ್ತು, ಸುಳ್ಳೇಕೆ? ಆ ಫಲಕ ಬೇಕಿತ್ತು, ಚಿನ್ನದ ಅಕ್ಷರ ಬೇಕಿತ್ತು. ಕಾಲು ಕಟಕಟೆಯ ಕಡೆಗೆ ಆಗಲೇ ಹೊರಟಿತ್ತು.

ಪಡಸಾಲೆಯ ಬೆಂಚಿನಿಂದ ವೆರೊನಿಕಾ ಎದ್ದು ಬಂದಳು. ಗಂಡನಿಗಾಗಿ ತಲೆ ಬೋಳಿಸಿದ್ದಳು, ಕಪ್ಪು ಬಟ್ಟೆ ಉಟ್ಟಿದ್ದಳು. ಎಲೋಕಾನ ಮುಂದೆ ನಿಂತಳು. "ದೊಡ್ಡ ವಕೀಲ್ರೇ, ನನ್ ಗಂಡ ಕದಿಯಕ್ಕೆ ಬಂದ ಅಂತ ಬರೆದೋರು ನೀವೇನಾ?"

"ಹೂಂ, ನಾನೇ. ಅದು ನನ್ನ ವಾದ. ಏನಿವಾಗ? ಸರಿಯಮ್ಮ ಆಚೆ."

ಅಲ್ಲಿಗೆ ಉಜೊಂಡುವಿನೊಳಗೆ ಏನೋ ಕಿತ್ತುಬಂತು. ಮುಖ ನೋಡದ ಹೆಣದ ಮೇಲಿನ ಸುಳ್ಳನ್ನೂ ಇವನು ತನ್ನದು ಅನ್ನುತ್ತಾನೆ! ಒಳ್ಳೆಯದೆಲ್ಲ ಕಿತ್ತುಕೊಂಡ, ಇರಲಿ. ಕೆಟ್ಟದ್ದೂ ಬೇಕೇ ಇವನಿಗೆ? ನ್ವಾಲಿ ನಲ್ಲಿಯ ಕೆಳಗೆ ಕೂತು ಬೆನ್ನುಜ್ಜಿಕೊಳ್ಳುವುದು ಈಗ ಕಣ್ಣಿಗೆ ಕಟ್ಟಿತು. ಅವನ ಹೆಂಡತಿ ಎದುರಲ್ಲಿ ನಿಂತಿದ್ದಳು, ಅವಳ ಕಣ್ಣು ತಪ್ಪು ಮನುಷ್ಯನ ಮೇಲಿತ್ತು.

ಕಟಕಟೆಗೆ ಹತ್ತಿದ. ಬೈಬಲ್ ಹಿಡಿದ.

"ಹೆಸರು?" ಎಂದರು ನ್ಯಾಯಾಧೀಶರು.

"ಉಜೊಂಡು."

"ಕೆಲಸ?"

ಎಲೋಕಾ ಅವನಿಗೆ ತಲೆಯಾಡಿಸಿ ಸನ್ನೆ ಮಾಡಿದ.

"ವಕೀಲ."

"ಸ್ವಾಮಿ, ಸಾಕ್ಷಿ ಗಾಬರಿಯಲ್ಲಿದ್ದಾರೆ," ಎಂದು ಎಲೋಕಾ ಮುಂದೆ ಬಂದ. "ನೋಡಿ, ಈ ತಕರಾರು ನಾನು ಹೇಳಿ ಬರೆಸಿದ್ದು. ನೀವು ಬರೀ ನಕಲು ಮಾಡಿದ್ರಿ. ಹೌದಲ್ವಾ?"

"ಅಲ್ಲ. ನಾನೇ ಬರೆದೆ."

"ಮಾತು ನನ್ನದು, ಕೈ ನಿಮ್ಮದು."

"ಮಾತೂ ನನ್ನದೇ. ಕೈಯೂ ನನ್ನದೇ. ಇದುವರೆಗೆ ಈ ಕೋರ್ಟಿಗೆ ಬಂದ ಕಂಪನಿ ಕಾಗದದಲ್ಲಿ ನಿಮ್ಮ ಸಹಿ ಹಾಕಿದ ಕೈಯೂ ಇದೇ."

ಗೋಡೆಗಂಟಿದ್ದ ಎಳೆಯ ವಕೀಲರು ಗುಸುಗುಟ್ಟಿದರು. ಎಲೋಕಾ ಏನೋ ಕೂಗಿದ. ನ್ಯಾಯಾಧೀಶರು ಮೇಜು ಕುಟ್ಟಿದರು.

"ಏನು ಹೇಳ್ತಿದೀರಿ ಅಂತ ಗೊತ್ತಾ? ನಿಮ್ಮ ಸನ್ನದು ಹೋಗುತ್ತೆ."

"ಗೊತ್ತು ಸ್ವಾಮಿ. ಆ ಸಹಿ ಯಾಕೆ ನಿಲ್ಲಿಸಿದೆ ಅಂತಾನೂ ಹೇಳ್ತೀನಿ. ಹೊಟ್ಟೆಕಿಚ್ಚಿಗೆ. ಧರ್ಮ ಗಿರ್ಮ ಏನೂ ಇಲ್ಲ. ಇವನ ಜಾಗದಲ್ಲಿ ನಿಲ್ಲಬೇಕು ಅಂತ ಆಸೆ ಇತ್ತು, ಬಿಡಲಿಲ್ಲ. ಅದಕ್ಕೆ ಹಾಕಿದೆ ನನ್ನ ಹೆಸರು." ಉಸಿರು ತೆಗೆದುಕೊಂಡ. "ಆದ್ರೆ ಈ ಕಾಗದದಲ್ಲಿರೋದು ಸುಳ್ಳು. ಎಲೋಕಾ ನ್ವಾಲಿಯನ್ನ ನೋಡೇ ಇಲ್ಲ. ನಾನು ನೋಡಿದೀನಿ. ನನ್ನ ಕಿಟಕಿ ಕೆಳಗೆ ಮೈ ತೊಳೀತಿದ್ದ. ಕಂಪನಿ ಹಗ್ಗ ಕಟ್ಟಿ ಇಳಿಸಿತು, ಕಂಪನಿ ಕೆಲಸದಲ್ಲೇ ಸತ್ತ. ಕಳ್ಳ ಅಲ್ಲ. ಯಜಮಾನರು ಆಳಲ್ಲ ಅಂತ ಬರಿ ಅಂದ್ರು, ಅಷ್ಟೇ. ಕಳ್ಳ ಅನ್ನೋದು ನಾನೇ ಸೇರಿಸಿದ್ದು. ಬರವಣಿಗೆ ಚೆನ್ನಾಗಿ ಕಾಣಲಿ ಅಂತ."

ನ್ಯಾಯಾಧೀಶರು ಬಹಳ ಹೊತ್ತು ಬರೆದರು. ತಕರಾರು ಕಿತ್ತುಹಾಕಿದರು. ಸಹಿಗಳ ವಿಷಯವನ್ನು ವಕೀಲರ ಶಿಸ್ತು ಸಮಿತಿಗೆ ಕಳಿಸಿದರು, ಎಲೋಕಾನದೂ ಉಜೊಂಡುವಿನದೂ.

ಹೊರಗೆ ಬಂದಾಗ ಎಲೋಕಾನ ಸುತ್ತ ಜನ ಮುತ್ತಿದ್ದರು. ಅಷ್ಟಾದರೂ ಅವನ ಪೆಟ್ಟಿಗೆ ಹಿಡಿದುಕೊಳ್ಳಲು ನಾಲ್ಕಾರು ಕೈಗಳಿದ್ದವು. ಉಜೊಂಡುವಿನ ಹತ್ತಿರ ಯಾರೂ ಬರಲಿಲ್ಲ. ಅವನಿಗೆ ಈಗಲೂ ಹೊಟ್ಟೆ ಉರಿಯಿತು. ಹೋಗುವಂಥ ಉರಿಯಲ್ಲ ಅದು.

ಮೆಟ್ಟಿಲ ಕೆಳಗೆ ವೆರೊನಿಕಾ ಕಾಯುತ್ತಿದ್ದಳು. ಅವಳು ಕೈ ಮುಗಿದಾಳು, ಅತ್ತಾಳು ಎಂದು ಅವನು ಎಣಿಸಿದ್ದ. ಅವಳು ಅವನ ಕೆನ್ನೆಗೆ ಹೊಡೆದಳು. ಚೆನ್ನಾಗಿ ಹೊಡೆದಳು.

"ಇದು ಬರೆದದ್ದಕ್ಕೆ," ಎಂದಳು. "ಈಗ ನಡಿ ನಮ್ಮೂರಿಗೆ."

"ಕೋರ್ಟಲ್ಲಿ ಹೇಳಿದೆನಲ್ಲಮ್ಮಾ."

"ಕೋರ್ಟು ನನ್ ಗಂಡನ್ನ ಹೂಳಲ್ಲ. ಹೂಳೋರು ಊರೋರು. ಕಳ್ಳ ಅಂದ ಬಾಯೇ ಬಂದು ಅಲ್ಲ ಅನ್ಬೇಕು. ನಮ್ಮಲ್ಲಿ ಹಾಗೇ."

ಉಜೊಂಡು ಸುತ್ತ ನೋಡಿ ದನಿ ತಗ್ಗಿಸಿದ. "ನಿನಗೆ ಗೊತ್ತಿಲ್ಲಮ್ಮಾ, ನಾನು ಓಸು. ನಾಲ್ಕು ಜನ ಹಿರಿಯರ ಮುಂದೆ ನನ್ನನ್ನ ನಿಲ್ಲಿಸಲ್ಲ. ನನ್ನ ಮಾತು ಯಾರು ಕೇಳ್ತಾರೆ?"

"ನಮ್ ಕಡೆ ಓಸು ಗೀಸು ಏನೂ ಇಲ್ಲ. ಯಾರೂ ನಿನ್ನ ತಡೆಯಲ್ಲ, ಎಲ್ರೂ ಕೇಳ್ತಾರೆ," ಎಂದಳು ವೆರೊನಿಕಾ. "ಇನ್ನೇನ್ ನೆಪ ಇದೆ ನಿನ್ ಹತ್ರ?"

ಅವಳು ಬಸ್ಸಿನ ಕಡೆ ನಡೆದಳು. ಅವನು ಹಿಂದೆ ಹೋದ.